ಅಣ್ಣ ಸಾಣೆ ಹಿಡಿದದ್ದು, ತಂಗಿ ಕೂರಿಸಿದ್ದು

ನೆಟ್ಟಿ ಸಾವ್ಚುಕ್ ಮತ್ತು ಅವಳ ಅಣ್ಣ ಓರೆಸ್ಟ್ ಒಂದೇ ಎಂಜಿನ್ ರಿಪೇರಿ ವರ್ಕ್‌ಶಾಪಿನ ಸೂರಿನ ಕೆಳಗೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಕೆಲಸ ಮಾಡುತ್ತ ಹನ್ನೊಂದು ವರ್ಷ ಮಾತಾಡಿರಲಿಲ್ಲ. ಸಸ್ಕ್ಯಾಚವಾನಿನ ಆ ಗೋಧಿ ಸೀಮೆಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಒಂದು ಬೇಲಿ ಗೂಟದ ಸಲುವಾಗಿ ಮೂರು ತಲೆಮಾರು ಮುಖ ತಿರುಗಿಸಿಕೊಂಡವರೂ ಅಲ್ಲಿದ್ದಾರೆ. ಆದರೆ ಅಂಥವರು ದೂರದೂರ ಇದ್ದುಕೊಂಡು ಹಗೆ ಸಾಧಿಸುತ್ತಾರೆ. ಇವರ ಪಾಡು ಹಾಗಲ್ಲ. ಎಂಜಿನ್ನಿನೊಳಗೆ ತಿರುಗುವ ದಂಡ, ಆ ಸವೆದ ಕ್ರ್ಯಾಂಕಿಗೆ ಅಣ್ಣ ಸಾಣೆ ಹಿಡಿಯಬೇಕು, ಅದೇ ಕ್ರ್ಯಾಂಕನ್ನು ತಂಗಿ ಬೇರಿಂಗುಗಳ ಮೇಲೆ ಕೂರಿಸಬೇಕು. ಹೇಳುವುದೇನಿದ್ದರೂ ಸೀಮೆಸುಣ್ಣದಲ್ಲಿ ಬರೆದು ಕಳಿಸುತ್ತಿದ್ದರು.

ಜಗಳದ ಮೂಲ ಅಪ್ಪ. ಹತ್ತೊಂಬತ್ತನೆಯ ವಯಸ್ಸಿನಿಂದ ನೆಟ್ಟಿ ಆ ವರ್ಕ್‌ಶಾಪಿನಲ್ಲೇ ಬೆವರು ಸುರಿಸಿದ್ದಳು. ಮದುವೆ ಅಂತ ಒಂದು ಮಾತು ಬಂದಿತ್ತು, ಸುಗ್ಗಿ ಮುಗಿಯಲಿ ಅಂತ ಮುಂದೆ ಹಾಕುತ್ತಿದ್ದಂತೆ ಅದೂ ಹೋಯಿತು. ಅಪ್ಪ ಸತ್ತಾಗ ವರ್ಕ್‌ಶಾಪು ಪೂರ್ತಿ ಓರೆಸ್ಟನ ಹೆಸರಿಗೆ ಬರೆದಿಟ್ಟಿದ್ದ. ಮಣ್ಣು ಮಾಡಿ ಬಂದು ಚರ್ಚಿನ ಹಾಲ್‌ನಲ್ಲಿ ಕಡುಬಿನಂಥ ಪೈರೊಗಿ ತಿನ್ನುತ್ತ ಓರೆಸ್ಟ್ ಯಾರಿಗೋ, ಅವಳಿಗೆ ಸಂಬಳ ಕೊಡ್ತೀನಲ್ಲ, ಇನ್ನೇನು ಬೇಕಂತೆ ಅಂದ. ಅದು ಅವಳ ಕಿವಿಗೆ ಬಿತ್ತು. ಅವನಾಗಿ ಮಾತಾಡಿಸುವ ತನಕ ತಾನು ಬಾಯಿ ಬಿಡುವುದಿಲ್ಲ ಅಂತ ಅವತ್ತೇ ನಿಶ್ಚಯಿಸಿದಳು. ಅವನಿಗೂ ಅದೇ ಅಪ್ಪನ ಹಟ.

ಬೇರಿಂಗ್ ಕೂರಿಸುವುದು ಅಂದರೆ ಗೊತ್ತಿಲ್ಲದವರಿಗೆ ನಟ್ಟು ಬಿಗಿಯುವ ಕೆಲಸ. ನೆಟ್ಟಿ ಮೊದಲು ಎಂಜಿನ್ನಿನ ಒಡಲಾದ ಬ್ಲಾಕಿನ ಎಣ್ಣೆ ದಾರಿಗಳನ್ನೆಲ್ಲ ಬ್ರಷ್ ಹಾಕಿ ತೊಳೆಯುತ್ತಿದ್ದಳು. ಬೇರಿಂಗಿನ ಅರ್ಧಚಂದ್ರದ ಚಿಪ್ಪು ಕೂರುವ ಜಾಗವನ್ನೂ ಚಿಪ್ಪಿನ ಬೆನ್ನನ್ನೂ ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ಅಲ್ಲಿ ಒಂದು ಎಳೆ ನೂಲು ಉಳಿದರೂ ಕೆಟ್ಟಿತು. ಚಿಪ್ಪಿನ ತೂತು ಬ್ಲಾಕಿನ ಎಣ್ಣೆ ತೂತಿಗೆ ಸರಿಯಾಗಿ ಬಂದಿದೆಯೇ ಅಂತ ಟಾರ್ಚ್ ಹಾಕಿ ನೋಡುತ್ತಿದ್ದಳು. ಆಮೇಲೆ ಕ್ರ್ಯಾಂಕ್ ಇಳಿಸಿ, ಚಿಪ್ಪಿನಲ್ಲಿ ಕೂರುವ ಅದರ ಒಂದೊಂದು ಕತ್ತಿನ ಮೇಲೂ ಕೂದಲಿನಂಥ ಮೇಣದೆಳೆ ಇಟ್ಟು, ಮೇಲೆ ಮುಚ್ಚುವ ಕ್ಯಾಪುಗಳನ್ನು ನಂಬರಿನ ಪ್ರಕಾರ ಬಿಗಿದು ಮತ್ತೆ ಬಿಚ್ಚುತ್ತಿದ್ದಳು. ಎಳೆ ಎಷ್ಟಗಲ ಚಪ್ಪಟೆಯಾಗಿದೆಯೋ ಅದರ ಮೇಲೆ ಕತ್ತಿಗೂ ಚಿಪ್ಪಿಗೂ ನಡುವೆ ಎಣ್ಣೆಗೆಷ್ಟು ಜಾಗವಿದೆ ಅಂತ ಗೊತ್ತಾಗುತ್ತದೆ. ಇಂಚಿನ ಸಾವಿರದಲ್ಲಿ ಎರಡು ಪಾಲು ಇದ್ದರೆ ಸರಿ. ಕಡಿಮೆಯಾದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಮೂರು ವರ್ಷದ ಹಿಂದೆ ಒಂದು ಎಳೆ ಒಂದು ತುದಿಯಲ್ಲಿ ಕಾಗದದಷ್ಟು ತೆಳ್ಳಗೆ ಹರಡಿತ್ತು. ಕತ್ತು ಒಂದು ಕಡೆ ದಪ್ಪ ಉಳಿದಿದೆ ಅಂತ ಅರ್ಥ. ಅವಳು ಸುಣ್ಣದಲ್ಲಿ ಬರೆದು ವಾಪಸ್ ಕಳಿಸಿದಳು. ಓರೆಸ್ಟ್ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ‘ಸರಿ ಇದೆ’ ಅಂತ ಬರೆದು ಅದೇ ಕ್ರ್ಯಾಂಕನ್ನು ಮತ್ತೆ ಕಳಿಸಿದ. ಅವನ ಕಣ್ಣು ಮಂಜಾಗಿದೆ, ದಪ್ಪ ಅಳೆಯುವ ಮೈಕ್ರೋಮೀಟರಿನ ಗೆರೆ ಕಾಣುತ್ತಿಲ್ಲ ಅಂತ ನೆಟ್ಟಿಗೆ ಅವತ್ತೇ ತಿಳಿಯಿತು. ಹೇಳಬೇಕೆಂದರೆ ಮಾತಾಡಬೇಕು. ಅದರ ಬದಲು ಆ ಕತ್ತಿಗೆ ಸಣ್ಣ ಮರಳುಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಬೂಟಿನ ಲೇಸ್ ಸುತ್ತಿ, ಎರಡೂ ತುದಿ ಹಿಡಿದು ಎಳೆದೆಳೆದು ಆ ದಪ್ಪವನ್ನು ತಾನೇ ತೆಗೆದಳು. ಪುಡಿ ಹೋಗಲೆಂದು ಎಲ್ಲ ಮತ್ತೆ ತೊಳೆದು, ಮತ್ತೆ ಎಳೆ ಇಟ್ಟು ನೋಡಿದಳು. ಅಲ್ಲಿಂದ ಅವನ ಬಹುಪಾಲು ಕ್ರ್ಯಾಂಕಿಗೂ ಇದೇ ಉಪಚಾರ. ಮೆರೆಯೋ ಅಣ್ಣ, ನೀನು ಮೆರೆಯುತ್ತಿರುವುದು ನನ್ನ ಕೈಯಿಂದ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಸುಳ್ಳು ಯಾಕೆ, ಅದರಲ್ಲಿ ಅವಳಿಗೊಂದು ಕಹಿಯಾದ ರುಚಿ ಸಿಕ್ಕಿತ್ತು.

ಈ ವರ್ಷ ಜುಲೈಯಲ್ಲಿ ಓರೆಸ್ಟನ ಮಗ ಡ್ಯಾರೆಲ್ ಯಜಮಾನಿಕೆ ವಹಿಸಿಕೊಂಡ. ಮೇಜಿನ ಹಿಂದೆ ಕೂರುವ ಜಾತಿ. ಉಗುರಿನ ಸಂದಿಯಲ್ಲಿ ಒಂದು ಚುಕ್ಕೆ ಗ್ರೀಸ್ ಇಲ್ಲ. ಒಂದು ವಾರ ಗಡಿಯಾರ ನೋಡಿದ, ಆಮೇಲೆ ಅವಳ ಹತ್ತಿರ ಬಂದ.

“ಅತ್ತೆ, ಬೇರೆ ಕಡೆ ಅರ್ಧ ದಿನದಲ್ಲಿ ಮುಗಿಸೋ ಕೆಲಸಕ್ಕೆ ನಿನಗೆ ಎರಡು ದಿನ ಬೇಕು. ಬೇಜಾರು ಮಾಡ್ಕೋಬೇಡ. ಈ ತಿಂಗಳು ಮುಗಿಸಿ ಮನೇಲಿ ಆರಾಮಾಗಿರು. ಅಪ್ಪನ ಕೈ ಬೇರೆ ಬಿಡು, ಅರವತ್ತೆಂಟಾದ್ರೂ ಹಂಗೇ ಇದೆ.”

ಅವಳಿಗೆ ಅರವತ್ತೊಂದು. ಗಂಡನಿಲ್ಲ, ಮಕ್ಕಳಿಲ್ಲ, ವರ್ಕ್‌ಶಾಪಿನಲ್ಲಿ ಪಾಲಿಲ್ಲ. ಇದ್ದದ್ದು ಆ ಬೆಂಚು, ಅದರ ಮುಂದೆ ನಿಂತಾಗ ತಾನು ಯಾರೆಂಬ ಧೈರ್ಯ. ಅದನ್ನೂ ಕಿತ್ತುಕೊಳ್ಳುತ್ತಾರೆ. ಡ್ಯಾರೆಲ್‌ಗೆ ನಿಜ ಹೇಳೋಣವೆಂದರೆ, ಹನ್ನೊಂದು ವರ್ಷ ಮಾತು ಬಿಟ್ಟವಳು ಅಣ್ಣನ ಮೇಲೆ ದೂರು ಹೇಳಿದರೆ ಹೊಟ್ಟೆಕಿಚ್ಚು ಅನ್ನದೆ ಇರುತ್ತಾನೆಯೇ? ಹೇಳಿದರೆ ಓರೆಸ್ಟೇ ಹೇಳಬೇಕು. ಎರಡು ದಿನ ಹಿಂದುಮುಂದು ನೋಡಿದಳು. ಮೂರನೆಯ ದಿನ ಆ ಇಪ್ಪತ್ತು ಹೆಜ್ಜೆ ನಡೆದುಹೋಗಿ ಅವನ ಮಿಷಿನ್ನಿನ ಎದುರು ನಿಂತಳು.

“ಅಣ್ಣ, ನನಗೆ ಎರಡು ದಿನ ಯಾಕೆ ಬೇಕು ಅಂತ ನಿನ್ನ ಮಗನಿಗೆ ಹೇಳು.”

ಓರೆಸ್ಟ್ ಮಿಷಿನ್ ನಿಲ್ಲಿಸಿದ. ಗೊತ್ತಿಲ್ಲದವನ ಹಾಗೆ ನಟಿಸಲಿಲ್ಲ.

“ಗೊತ್ತು ಕಣೇ. ಗೆರೆ ಕಾಣಲ್ಲ ನನಗೆ. ಹೆಚ್ಚುಕಮ್ಮಿ ಇದ್ರೂ ನೀನು ಸರಿ ಮಾಡ್ತೀಯ ಅಂತಾನೇ ಕಳಿಸ್ತಿದ್ದೆ.”

“ಅದನ್ನೇ ಅವನಿಗೆ ಹೇಳು.”

“ಹೇಳಿದ್ರೆ ನನ್ನ ಮಿಷಿನ್ ಮುಟ್ಟೋಕೆ ಬಿಡ್ತಾನಾ? ಮನೇಲಿ ಕೂತು ನಾನೇನು ಮಾಡ್ಲಿ?”

“ನಾನೇನು ಮಾಡ್ಲಿ?”

ಅವನು ಅತ್ತ ತಿರುಗಿ ಮಿಷಿನ್ ಚಾಲೂ ಮಾಡಿದ. ಮೂರು ವರ್ಷ ಅವನಿಗೆ ಗೊತ್ತಿರಲಿಲ್ಲ ಅಂದುಕೊಂಡೇ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಗೊತ್ತಿದ್ದೂ ದುಡಿಸಿಕೊಂಡ, ಗೊತ್ತಿದ್ದೂ ಕೈಬಿಟ್ಟ.

ಅವಳ ಕೊನೆಯ ವಾರ, ಊರಿನ ರೈತ ಮೈರನ್ ಬಿಲಿಕ್‌ನ ಗೋಧಿ ಕೊಯ್ಯುವ ಕಂಬೈನಿನ ಎಂಜಿನ್ ಬಂತು. ಮೈರನ್ ಒಳ್ಳೆಯವನು, ಅವಳ ಬಾಗಿಲ ಹಿಮ ತೆಗೆದುಕೊಟ್ಟವನು. ಎಳೆ ಇಟ್ಟು ನೋಡಿದಳು. ನಾಲ್ಕನೆಯ ಕತ್ತಿನ ಮೇಲೆ ಅದೇ ಕಥೆ. ಕೈ ತಾನಾಗಿಯೇ ಬೂಟಿನ ಲೇಸಿನ ಕಡೆ ಹೋಯಿತು. ಹಿಡಿದುಕೊಂಡಳು, ಇಟ್ಟಳು, ಮತ್ತೆ ಹಿಡಿದಳು. ಕೊನೆಗೆ ಅದನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿ, ಚಿಪ್ಪುಗಳಿಗೆ ಎಣ್ಣೆ ಸವರಿ, ಕ್ಯಾಪು ಕೂರಿಸಿ ಬಿಗಿದಳು. ಮೇನ್ ಬೇರಿಂಗುಗಳು ಮುಗಿದವು, ರಾಡಿನ ಬೇರಿಂಗುಗಳೂ ಮುಗಿದವು. ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲ ಆಗಿತ್ತು.

“ನೋಡಿದ್ಯಾ ಅತ್ತೆ, ಮನಸ್ಸು ಮಾಡಿದ್ರೆ ಅರ್ಧ ದಿನ ಸಾಕು” ಅಂದ ಡ್ಯಾರೆಲ್. ಮೆಚ್ಚಿಯೇ ಅಂದ, ಪಾಪ.

ಓರೆಸ್ಟ್ ಮಿಷಿನ್ ಬಿಟ್ಟು ಬಂದ. ಆ ಹೊತ್ತಿಗೆಲ್ಲ ಅವಳ ಕೆಲಸ ಮುಗಿಯುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗ ಅಲ್ಲೇ ಇದ್ದ. ದನಿ ತಗ್ಗಿಸಿ, “ನಾಲ್ಕನೇದು ನನಗೆ ಅನುಮಾನ ಇತ್ತು, ನೋಡಿದ್ಯಾ?” ಅಂದ.

“ನೀನೇ ಸರಿ ಇದೆ ಅಂತ ಬರೆದಿದ್ದೀಯಲ್ಲ. ಇಲ್ಲ ಅನ್ನೋ ಹಾಗಿದ್ರೆ ಈಗ ಹೇಳು, ಬಿಚ್ಚುತೀನಿ.”

ಅವಳು ಕಾದಳು, ಸ್ಪ್ಯಾನರ್ ಕೈಯಲ್ಲೇ ಇತ್ತು. ಅವನು ಮಗನ ಮುಖ ನೋಡಿದ, ಒಮ್ಮೆ ಎಂಜಿನ್ ನೋಡಿದ, ಕೈಯಿಂದ ಬಾಯಿ ಒರೆಸಿಕೊಂಡ. ತನ್ನ ಮಿಷಿನ್ನಿನ ಕಡೆ ಹೊರಟುಹೋದ. ಇವಳು ಸ್ಪ್ಯಾನರ್ ಕೆಳಗಿಟ್ಟಳು. ಎರಡು ದಿನ ಬಿಟ್ಟು ಮೈರನ್ ಬಂದು ಇಬ್ಬರ ಕೈಯನ್ನೂ ಕುಲುಕಿ ಎಂಜಿನ್ ಏರಿಸಿಕೊಂಡು ಹೋದ.

ಸುಗ್ಗಿಯ ಹನ್ನೊಂದನೆಯ ದಿನ, ಇನ್ನೂ ಅರ್ಧ ಗೋಧಿ ನಿಂತಿರುವಾಗ, ಎಂಜಿನ್ ಬಿಗಿದುಕೊಂಡು ಸೀಜ್ ಆಯಿತು. ಮಳೆ ಬಂದು ಉಳಿದ ಬೆಳೆ ಮಲಗಿತು. ಬೇರಿಂಗ್ ಕೂರಿಸಿದ್ದು ನೆಟ್ಟಿಯಂತೆ ಅಂತ ಊರೆಲ್ಲ ಆಡಿಕೊಂಡಿತು. ಮೈರನ್ ತಾನೇ ಬಂದು ಬಾಗಿಲಲ್ಲಿ ನಿಂತು, ಹೌದಾ ಅಂತ ಕೇಳಿದ. ಅವಳು ಹೌದು ಅಂದಳು.