ಅವನ ಸರ್ವಿಸ್ಸು, ಅವಳ ಸರ್ವಿಸ್ಸು

ವಿದ್ಯುತ್ ಕಂಪನಿಯಲ್ಲಿ ಕಂಬ ಹತ್ತುವವರು ಬೇಕಾದಷ್ಟು ಜನರಿದ್ದರು. ಆದರೆ ಬೀದಿಯವರು ಫೋನ್ ಮಾಡಿ ಕೇಳುತ್ತಿದ್ದುದು ಕರೆಂಟಕ್ಕನನ್ನೇ. ಆಕೆ ಅಕ್ಕನಾದದ್ದು ನಲವತ್ತರ ಹತ್ತಿರ. ಅಲ್ಲಿಯವರೆಗೆ ಗಂಡಿನ ಹೆಸರಿನಲ್ಲಿ ಬದುಕಿ, ಒಳಗೊಳಗೇ ಬೆಂದು, ಒಂದು ದಿನ ಅಮ್ಮನ ಮುಂದೆ ಬಾಯಿಬಿಟ್ಟಳು. ಅಮ್ಮ ಕೆಲವು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಬಾಚಣಿಗೆ ಹಿಡಿದು ಬಂದಳು. "ಹೆಣ್ಣಾಗೋದಾದ್ರೆ ಆಗು. ಮೊದಲು ಆ ಕೂದಲು ನೆಟ್ಟಗೆ ಬಾಚ್ಕೋ."

ಸರ್ಕಾರಿ ಕಚೇರಿ ಸತಾಯಿಸಲಿಲ್ಲ. ಅರ್ಜಿ ಹಾಕಿದ ಮೇಲೆ ಹೆಣ್ಣು ಎಂದು ಬರೆದ ಗುರುತಿನ ಚೀಟಿ ಬಂತು. ಕೊಕ್ಕೆ ಹಾಕಿದ್ದು ಕಂಪನಿಯ ಮ್ಯಾನೇಜರು. ಇಷ್ಟು ವರ್ಷದ ಸರ್ವಿಸ್ಸು ಆ ಗಂಡಸಿನದು, ಆತ ಈಗ ಇಲ್ಲ, ನೀವು ಬೇಕಾದರೆ ಹೊಸಬರಾಗಿ ಸೇರಿ ಎಂದು ನಯವಾಗಿಯೇ ಹೇಳಿದರು. ಅಂದರೆ ತಾನು ಕೆಲಸ ಕಲಿಸಿದವರಿಗೇ ಅವಳು ಏಣಿ ಹಿಡಿಯಬೇಕು.

"ಹಾಗಾದ್ರೆ ನಾನು ಸತ್ತುಹೋದ್ನಾ ಸಾರ್?" ಎಂದಳು ಕರೆಂಟಕ್ಕ.

ಅವಳು ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು. ಕೆಲಸದಲ್ಲಿದ್ದವರು ಕಂಪನಿಗೆ ಹೆದರಿ ಹಿಂದೆ ಸರಿದರು; ಸಾಕ್ಷಿಗೆ ಉಳಿದವನು ಅವಳಿಗೆ ಕಂಬ ಹತ್ತುವುದನ್ನು ಕಲಿಸಿದ ನಿವೃತ್ತ ಮೇಸ್ತ್ರಿ ಒಬ್ಬನೇ. ಅವಳು ಕೂದಲು ಬೆಳೆಸಿದಾಗಿನಿಂದ ಆತ ಮಾತು ಬಿಟ್ಟಿದ್ದ. ಆದರೆ ತನ್ನ ಕೈಯಲ್ಲಿ ಪಳಗಿದವಳನ್ನು ಕಂಪನಿ ಹೊಸಬಳೆಂದಿತು ಎಂಬ ಸುದ್ದಿ ಕೇಳಿ ಅವನಿಗೆ ಮೈಯೆಲ್ಲ ಉರಿಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದೇ ಬಂದ.

ಕಟಕಟೆಯಲ್ಲಿ ಮೇಸ್ತ್ರಿ 'ಇವನು' ಎಂದು ಶುರುಮಾಡಿ, 'ಇವಳು' ಎಂದು ತಿದ್ದಿಕೊಂಡು, ಮತ್ತೆ 'ಇವನು' ಎಂದ. ಕಂಪನಿಯ ವಕೀಲರು ತಟ್ಟನೆ ಎದ್ದು, ಇವನೋ ಇವಳೋ ಮೊದಲು ತೀರ್ಮಾನ ಮಾಡಿ ಎಂದರು.

ಮೇಸ್ತ್ರಿ ಕತ್ತಿನ ಬೆವರು ಒರೆಸಿಕೊಂಡ. "ತಪ್ಪಿದ್ದು ನನ್ನ ಬಾಯಿ ಸಾರ್, ಹಳೇ ರೂಢಿ. ಆಳು ಇವಳೇ. ಕಂಬದ ಮೇಲೆ ನಂಗೆ ಶಾಕ್ ಹೊಡೆದಾಗ ಹೆಗಲ ಮೇಲೆ ಹಾಕ್ಕೊಂಡು ಕೆಳಗಿಳಿಸಿದ್ದು ಇವಳೇ. ನಾನು ಬದುಕಿರೋದು ಸುಳ್ಳಲ್ಲ ಅಂದ್ರೆ ಇವಳ ಸರ್ವಿಸ್ಸೂ ಸುಳ್ಳಲ್ಲ."

ವಕೀಲರು ಕೂತರು.

ಹೆಸರು ಬದಲಾದ ಮಾತ್ರಕ್ಕೆ ವ್ಯಕ್ತಿ ಬದಲಾಗುವುದಿಲ್ಲ, ಸೇವೆಯೆಲ್ಲ ಮೊದಲ ದಿನದಿಂದ ಈಕೆಯದೇ ಎಂದು ತೀರ್ಪಾಯಿತು. ಸರ್ವಿಸ್ಸಿನ ಬೆನ್ನಿಗೇ ಕಂಪನಿ ತಡೆಹಿಡಿದಿದ್ದ ಬಡ್ತಿಯೂ ಬಂತು. ಆ ಆದೇಶವನ್ನು ಮ್ಯಾನೇಜರು ತಾವೇ ತಂದುಕೊಟ್ಟರು, ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿಕೊಂಡು. ಕರೆಂಟಕ್ಕ ಈಗ ಕಂಪನಿಯ ಮೊದಲ ಹೆಣ್ಣು ಮೇಸ್ತ್ರಿ.

ಮುಂದಿನ ವಾರ ಗಾಳಿಗೆ ಅವಳ ಮನೆಯ ಬೀದಿಯಲ್ಲೇ ತಂತಿ ಹರಿದು ಬಿತ್ತು. ಕಂಬ ಹತ್ತಲು ಕೈಕೆಳಗೆ ಜನವಿದ್ದರೂ ಅವಳೇ ಹತ್ತಿದಳು. ಕೇಸು ನಡೆದಷ್ಟು ತಿಂಗಳೂ ಕಂಬ ಹತ್ತದೆ ಕೈ ಕಡಿಯುತ್ತಿತ್ತು. ಕೆಲಸ ಮುಗಿದು ಮನೆಮನೆಯ ಫ್ಯಾನುಗಳು ತಿರುಗತೊಡಗಿದಾಗ ಕಿಟಕಿಗಳಿಂದ ಚಪ್ಪಾಳೆ ಕೇಳಿಸಿತು. ಕೆಳಗೆ ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಯಾರೂ ಕೇಳದಿದ್ದರೂ, ತನ್ನ ಪಾಡಿಗೆ ಹೋಗುತ್ತಿದ್ದ ಸೈಕಲ್ಲಿನವನನ್ನೂ ನಿಲ್ಲಿಸಿ ಹೇಳಿದಳು: "ಮೇಲಿದ್ದಾಳಲ್ಲ, ನನ್ನ ಮಗಳು."