ಅದೇ ವರ, ಅದೇ ಸಿನಿಮಾ

ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಮಾಡಿ ಮಾಡಿ ನನ್ನ ಕೈ ಪಳಗಿದೆ. ಬಂದವರು ತಿಂದು ಹೊಗಳುತ್ತಾರೆ, ಉಪ್ಪಿಟ್ಟನ್ನು ಮಾತ್ರ. ಆದರೆ ಒಬ್ಬನೇ ವರ ಎರಡು ಸಲ ನೋಡಲು ಬಂದು, ಅದು ಅವನಿಗೇ ಗೊತ್ತಾಗದೆ ಹೋದದ್ದು ನನ್ನೊಬ್ಬಳ ಹಣೆಬರಹವಿರಬೇಕು.

ಮೊದಲ ಸಲ ನಾವು ವಡೋದರಾದಲ್ಲಿದ್ದೆವು. ಅಪ್ಪನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಧಾರವಾಡ ಬಿಟ್ಟು ವರ್ಗಾವಣೆಯ ಹಿಂದೆ ಅಲೆದವರು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಹುಡುಗ ಹುಬ್ಬಳ್ಳಿ ಕಡೆಯವನು, ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನೌಕರಿ. ಜಾತಕ ಕೂಡುತ್ತದೆಂದು ಖಾತ್ರಿ ಮಾಡಿಕೊಂಡೇ ಸೋದರಮಾವನ ಜೊತೆ ಬಂದಿದ್ದ. ಹಿರಿಯರು ನಮ್ಮನ್ನು ಬಾಲ್ಕನಿಗೆ ಕಳಿಸಿದಾಗ, ಅಡುಗೆ ಬರುತ್ತದೆಯೇ ಎಂದು ಕೇಳದೆ ಒಂದು ಸಿನಿಮಾದ ಕಥೆ ಹೇಳಿದ. ನಗಿಸುವ ಪ್ರೇಮಕಥೆ. ನಾಯಕನಿಗೆ ದಿನಾ ಬೆಳಗಾದರೆ ಮತ್ತೆ ಅದೇ ದಿನ. ಅವನಿಗೆ ಎಲ್ಲ ನೆನಪಿರುತ್ತದೆ, ಅವನು ಮೆಚ್ಚಿದ ಹುಡುಗಿಗೆ ಏನೂ ನೆನಪಿರುವುದಿಲ್ಲ. ಹಾಗಾಗಿ ದಿನವೂ ಹೊಸ ಪರಿಚಯ.

“ನಿಮಗ ಹಂಗ ಒಂದ ದಿನಾ ತಿರುತಿರುಗಿ ಬರೂದಿದ್ರ, ಯಾವ ದಿನಾ ಬೇಕ್ರಿ?” ಎಂದ.

“ಇವತ್ತಿನ ದಿನಾ ಆದ್ರೂ ನಡೀತದರಿ,” ಎಂದುಬಿಟ್ಟೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ.

ಅವನು ಕನ್ನಡಕ ಸರಿಮಾಡಿಕೊಂಡು, “ಭಾಳ ಛಂದ ಹೇಳಿದ್ರಿ,” ಎಂದು ನಕ್ಕ.

ನಾಲ್ಕು ದಿನಕ್ಕೆ ಹುಡುಗನ ಮಾವನಿಂದ ಅಪ್ಪನಿಗೆ ಮೆಸೇಜು: ಜಾತಕ ಕೂಡಲಿಲ್ಲ. ನಾನು ಆ ಸಿನಿಮಾ ಹುಡುಕಿ ಮೊಬೈಲಿನಲ್ಲಿ ನೋಡಿದೆ. ನಗುವ ಸಿನಿಮಾ, ನಾನು ಅತ್ತೆ. ನಾಯಕ ದಿನದಿಂದ ದಿನಕ್ಕೆ ಕಲಿಯುತ್ತಾನೆ. ಅವಳ ಚಹಾಕ್ಕೆ ಸಕ್ಕರೆ ಬೇಡ, ಅವಳು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಇಂಥವು. ಕೊನೆಗೆ ಅವಳು ಒಲಿಯುತ್ತಾಳೆ.

ಮೂರು ವರ್ಷದ ಮೇಲೆ ಸೂರತ್ತಿನ ಅಡಾಜಣ್‌ಗೆ ಬಂದಿದ್ದೆವು. ಕನ್ನಡ ಸಂಘದ ಹಿರಿಯಮ್ಮ ಒಬ್ಬರು ಒಂದು ಬಯೋಡೇಟಾ ಕಳಿಸಿದರು. ಅದೇ ಹೆಸರು, ಅದೇ ಫೋಟೋ. ಸುತ್ತಿ ಸುತ್ತಿ ಹಳೇ ಗಂಡನ ಪಾದವೇ ಗತಿ ಎನ್ನುತ್ತಾರೆ. ನನಗೆ ಗಂಡನೇ ಆಗದವನ ಪಾದ ತಾನಾಗಿ ಬಾಗಿಲಿಗೆ ಬರುತ್ತಿತ್ತು. ಅಪ್ಪ, “ಛಲೋ ಮನೆತನ ಐತಿ,” ಎಂದಷ್ಟೇ ಹೇಳಿದರು. ಮರೆತಿದ್ದಾರೆ ಎಂದುಕೊಂಡು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಅವನು ನೆನಪಿಟ್ಟುಕೊಂಡೇ ಬರುತ್ತಿದ್ದಾನೆ, ತಪ್ಪು ತಿದ್ದಿಕೊಳ್ಳಲು ಬರುತ್ತಿದ್ದಾನೆ ಎಂಬ ಆಸೆ ನನಗಿತ್ತು.

ಈ ಸಲ ತಾಯಿಯ ಜೊತೆ ಬಂದ. ನೆತ್ತಿಯ ಕೂದಲು ತೆಳ್ಳಗಾಗಿತ್ತು. ನನ್ನ ಜಡೆ ಹೋಗಿ ಭುಜದವರೆಗಿನ ಕೂದಲು ಉಳಿದಿತ್ತು. ಅಷ್ಟಕ್ಕೇ ಗುರುತು ತಪ್ಪುತ್ತದೆಯೇ? ಪಾರಿವಾಳ ಬಾರದಂತೆ ಬಲೆ ಕಟ್ಟಿದ ಬಾಲ್ಕನಿಯಲ್ಲಿ ನಿಂತು ಅದೇ ಸಿನಿಮಾದ ಕಥೆ ಶುರುಮಾಡಿದ. ನಗಬೇಕಾದ ಕಡೆ ಅದೇ ನಗು. ಆಮೇಲೆ ಅದೇ ಪ್ರಶ್ನೆ.

ಅವನ ಮುಖವನ್ನೇ ನೋಡುತ್ತ, “ಇವತ್ತಿನ ದಿನಾ ಆದ್ರೂ ನಡೀತದರಿ,” ಎಂದೆ.

ಕನ್ನಡಕ ಸರಿಮಾಡಿಕೊಂಡ. “ಭಾಳ ಛಂದ ಹೇಳಿದ್ರಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ಮನೆಯ ಬಾಲ್ಕನಿಗಳಲ್ಲಿ ಈ ಪಾಠ ಒಪ್ಪಿಸಿದ್ದನೋ.

ಎರಡು ದಿನಕ್ಕೆ ಒಪ್ಪಿಗೆ ಬಂತು. ಜಾತಕವೂ ಕೂಡಿತ್ತಂತೆ. ಅಪ್ಪನ ಜೊತೆ ನನ್ನ ನಕ್ಷತ್ರಕ್ಕೂ ವರ್ಗವಾಗಿತ್ತೋ ಏನೋ.

“ಹೋದ ಸಲ ಕೂಡದ್ದು ಈ ಸಲ ಹೆಂಗ ಕೂಡ್ತಪ್ಪಾ?” ಎಂದೆ.

ಅಪ್ಪ ಗಾಬರಿಯಾಗಲಿಲ್ಲ. ಪೇಪರು ಮಡಿಸಿಟ್ಟರು. “ಅವ್ರು ಮರ್ತಾರ. ನೀನೂ ಮರ್ತಬಿಡವಾ.”

ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಹೊಸ ಸೀರೆ ಉಡಿಸಿ, ನನ್ನನ್ನು ಹೊಸ ಹುಡುಗಿ ಮಾಡಿ ಕೂರಿಸಿದ್ದರು. ಅವನಿಗಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು.

“ಜಾತಕ ಕೂಡ್ಲಿಲ್ಲಂತ ಬರೀರಿ.”

“ಸುಳ್ಳ ಬರೀಲೇನು?”

“ಹಂಗಾದ್ರ ಅವ್ರದ ಹಳೇ ಮೆಸೇಜ್ ಕಳಸ್ರಿ. ಅದು ಅವ್ರ ಬರದ ಸುಳ್ಳು.”

ಅಪ್ಪ ಫೋನಿನಲ್ಲಿ ಆ ಹಳೇ ಮೆಸೇಜು ಹುಡುಕಿ ತೆಗೆದು ಓದಿದರು. ಕೊನೆಗೆ ಜಾತಕ ಕೂಡಲಿಲ್ಲ ಎಂದು ತಾವೇ ಬರೆದು ಕಳಿಸಿದರು. ನಿಮಿಷದೊಳಗೆ ಹುಡುಗನ ತಾಯಿಯಿಂದ ಕೈಮುಗಿದ ಚಿತ್ರ ಬಂತು. ಯಾಕೆ ಎಂದು ಯಾರೂ ಕೇಳಲಿಲ್ಲ.

ಅಂದು ಸಂಜೆಯವರೆಗೂ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಿದೆ. ಅವನು ಫೋನು ಮಾಡಿ, ನಿಮ್ಮನ್ನು ಹಿಂದೆ ಎಲ್ಲೋ ನೋಡಿದ ಹಾಗಿದೆ ಎಂದಿದ್ದರೂ ಸಾಕಿತ್ತು, ಒಪ್ಪಿಬಿಡುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೂ ಒಪ್ಪಿಬಿಡುತ್ತಿದ್ದೆ.