ಕಂಪ್ಯೂಟರಿನೊಳಗಿನ ಕಂಪ್ಯೂಟರು

ನರಸಿಂಹರಾಜಪುರದ ತಾಲ್ಲೂಕು ಕಚೇರಿಯ ಎದುರು ಕಮಲಕ್ಕನ ಟೈಪಿಂಗ್ ಅಂಗಡಿ ಶುರುವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಅವಳು ಕನ್ನಡ ಟೈಪು ಮಾಡುತ್ತಿದ್ದ ತಂತ್ರಾಂಶ ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂಥದ್ದು. ಅಂಥ ಕಂಪ್ಯೂಟರು ಊರಲ್ಲಿ ಉಳಿದದ್ದು ಅವಳೊಬ್ಬಳ ಹತ್ತಿರ. ಯಾರ ಹಳೆಯ ಫೈಲು ತೆರೆಯಬೇಕಿದ್ದರೂ ಅವಳ ಬಾಗಿಲಿಗೇ ಬರಬೇಕು. "ಬೇರೆ ಎಲ್ಲೂ ಓಪನ್ ಆಗೂದಿಲ್ಲ ಮಾರಾಯ್ರೆ" ಎನ್ನುವಾಗ ಅವಳ ದನಿಗೆ ಒಂದು ಗತ್ತು ಬರುತ್ತಿತ್ತು.

ಭಜನಾ ಮಂಡಳಿಯ ಸುಬ್ಬಮ್ಮ ತಮ್ಮ ಹಾಡಿನ ಪುಸ್ತಕಕ್ಕೆ ನಾಲ್ಕು ಹೊಸ ಹಾಡು ಸೇರಿಸಬೇಕೆಂದು ಬಂದಾಗ, ಕಮಲಕ್ಕ ಎಂದಿನಂತೆ ಮುಂದಿನ ವಾರ ಬನ್ನಿ ಎಂದಳು. ಸುಬ್ಬಮ್ಮ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಅಂಗಡಿ ಇಟ್ಟ ಚೇತನಾ ಅದನ್ನು ತೆರೆದಳಂತೆ ಎಂಬ ಸುದ್ದಿ ಮರುದಿನವೇ ಬಂತು.

ಕಮಲಕ್ಕನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ತನ್ನ ಝೆರಾಕ್ಸ್ ಮೆಷಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿಕೊಂಡು ಅಲ್ಲಿಗೆ ಹೋದಳು. ಚೇತನಾಳ ತೆಳ್ಳನೆಯ ಲ್ಯಾಪ್‌ಟಾಪಿನ ಪರದೆಯ ನಡುವೆ ಒಂದು ಚೌಕ. ಅದರೊಳಗೆ ತನ್ನದೇ ಹಳೆಯ ವಿಂಡೋಸು.

"ಇದೆಂತ ಇದು?"

"ವರ್ಚುವಲ್ ಮೆಷಿನ್ ಅಕ್ಕ. ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ. ಇದರ ಮೆಮೊರಿಯಲ್ಲೇ ಸ್ವಲ್ಪ ಅದಕ್ಕೆ ಬಿಟ್ಟುಕೊಟ್ಟಿದೀನಿ. ಹಳೇ ವಿಂಡೋಸು ತಾನು ಹಳೇ ಮೆಷಿನ್ನಲ್ಲೇ ಇದೀನಿ ಅಂದ್ಕೊಂಡು ಕೆಲಸ ಮಾಡ್ತದೆ."

ಕಮಲಕ್ಕನ ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು. ಇಷ್ಟು ವರ್ಷ ಧೂಳು ಒರೆಸಿ, ಬಿಡಿಭಾಗ ಹುಡುಕಿ ತಾನು ಉಳಿಸಿಕೊಂಡು ಬಂದದ್ದನ್ನು ಈ ಹುಡುಗಿ ಅಂಗೈಯಗಲದ ಜಾಗದಲ್ಲಿ ಇಟ್ಟುಕೊಂಡು ಕೂತಿದ್ದಳು.

ಆಗ ಕಮಲಕ್ಕನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಹಳೆಯ ತಂತ್ರಾಂಶದ ಕೀಲಿಗಳು ಚೇತನಾಳಿಗೆ ಹೊಸವು. ಅವಳು ಒತ್ತುತ್ತಿದ್ದ ರೀತಿಗೆ ಅರ್ಕಾವತ್ತು ಮೂಡುತ್ತಿರಲಿಲ್ಲ. ಹೊಸ ಹಾಡುಗಳಲ್ಲಿ 'ಪಾರ್ವತಿ' ಇದ್ದಲ್ಲೆಲ್ಲ 'ಪಾವತಿ' ಆಗಿತ್ತು. ಹೇಳಲು ಬಾಯಿ ತೆರೆದ ಕಮಲಕ್ಕ ಹಾಗೇ ಮುಚ್ಚಿಕೊಂಡಳು. ಮನೆಯವರೆಗೂ ಹಗುರಾಗಿ ನಡೆದಳು.

ಹತ್ತು ದಿನ ಬಿಟ್ಟು ಸುಬ್ಬಮ್ಮ ಅಚ್ಚಾದ ಪುಸ್ತಕ ತಂದು ಮೇಜಿನ ಮೇಲಿಟ್ಟರು. "ನೋಡು ಕಮಲ, ದೇವಿ ಹೋಗಿ ರಶೀದಿ ಆಗಿದಾಳೆ. ಐವತ್ತು ಪುಸ್ತಕವೂ ಹೀಗೇ. ಆ ಹುಡುಗಿ ಅಳ್ತಾ ಕೂತಿದೆ."

ಇದಕ್ಕೇ ಕಾದಿದ್ದ ಕಮಲಕ್ಕನಿಗೆ ನಗು ಬಂತು. ಕಡೆಯ ಮಾತು ಕೇಳಿದ ಮೇಲೆ ಅದು ಅಲ್ಲೇ ನಿಂತಿತು.

"ನಾನು ಅವತ್ತೇ ನೋಡಿದ್ದೆ, ಸುಬ್ಬಮ್ಮ. ಹೇಳ್ಲಿಲ್ಲ."

ಸುಬ್ಬಮ್ಮ ಪುಸ್ತಕವನ್ನು ಅವಳ ಕಡೆ ತಳ್ಳಿದರು. "ಈಗಾದ್ರೂ ಹೋಗಿ ಹೇಳು" ಎಂದರು.

ಚೇತನಾಳ ಎದುರು ಅದೇ ಮಾತು ಹೇಳುವುದು ಇನ್ನೂ ಕಷ್ಟವಾಯಿತು. ಚೇತನಾ ಮೂಗು ಒರೆಸಿಕೊಂಡಳು. "ಅವತ್ತೇ ಒಂದು ಮಾತು ಹೇಳ್ಬಹುದಿತ್ತು ಅಕ್ಕ."

"ಹೌದು. ಹೊಟ್ಟೆಕಿಚ್ಚು. ಏಳು, ಕುರ್ಚಿ ಬಿಡು."

ಮುಕ್ಕಾಲು ಗಂಟೆಯಲ್ಲಿ ನಾಲ್ಕೂ ಹಾಡು ಸರಿಯಾದವು. ಚೇತನಾ ಪಕ್ಕದಲ್ಲಿ ನಿಂತು ಅರ್ಕಾವತ್ತಿನ ಕೀಲಿ ಬರೆದುಕೊಂಡಳು. ಮರು ಅಚ್ಚಿನ ಖರ್ಚಿನಲ್ಲಿ ಅರ್ಧ ಕಮಲಕ್ಕ ಹಟ ಹಿಡಿದು ಕೊಟ್ಟಳು. ಹೊರಡುವಾಗ, "ಈ ಒಳಗಿನ ಕಂಪ್ಯೂಟರನ್ನ ನನ್ನ ಕಂಪ್ಯೂಟರಿಗೆ ಹಾಕೋಕೆ ಬರ್ತದಾ?" ಎಂದು ಕೇಳಿದಳು.

"ನಿಮ್ಮ ಹಳೇ ಮೆಷಿನ್ನು ಇದರ ಭಾರ ತಡೆಯೂದಿಲ್ಲ ಅಕ್ಕ. ಹೊಸದು ತಗೊಳ್ಳಿ, ನಾನೇ ಹಾಕಿಕೊಡ್ತೀನಿ."

ದೀಪಾವಳಿ ಕಳೆದ ಮೇಲೆ ಕಮಲಕ್ಕ ಹೊಸದು ತಂದಳು. ಚೇತನಾ ಬಂದು ಹಾಕಿಕೊಟ್ಟಳು. ಹಾಗೆಂದು ಅಸೂಯೆ ಪೂರ್ತಿ ಹೋಗಲಿಲ್ಲ. ಈಗಲೂ ಬಸ್ ಸ್ಟ್ಯಾಂಡಿನ ಕಡೆ ಹೋದರೆ, ಆ ಅಂಗಡಿಯಲ್ಲಿ ಎಷ್ಟು ಜನ ಇದ್ದಾರೆಂದು ಕಮಲಕ್ಕನ ಕಣ್ಣು ತಾನಾಗಿ ಆ ಕಡೆ ಹೊರಳುತ್ತದೆ.